ಕೊಡಗಿನಲ್ಲಿ ಕಂಪ್ಯೂಟರ್: ಯಾವ ಅಂಗಡಿಯನ್ನು ನಂಬುವುದು, ಕೆಟ್ಟರೆ ಯಾರನ್ನು ಕೇಳುವುದು?

ನಾಪೋಕ್ಲು_ಹೊಸಬ:

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಹತ್ತಿರದ ತೋಟದ ಮನೆಗೆ ಒಂದು ಡೆಸ್ಕ್‌ಟಾಪ್ ಬೇಕಾಗಿದೆ. ತೋಟದ ಲೆಕ್ಕ ಟ್ಯಾಲಿಯಲ್ಲಿ, ಕೂಲಿ ಪಟ್ಟಿ ಎಕ್ಸೆಲ್‌ನಲ್ಲಿ, ಪಿಯುಸಿ ಓದುವ ಮಗಳಿಗೆ ಆನ್‌ಲೈನ್ ಪಾಠ ಮತ್ತು ಸ್ವಲ್ಪ ಪೈಥಾನ್, ಜೊತೆಗೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಿಸಿದ ಹಳೆಯ ಫೈಲುಗಳನ್ನು ತೆರೆದು ತಿದ್ದುವುದು. ಗೇಮ್ ಇಲ್ಲ, ವಿಡಿಯೊ ಎಡಿಟಿಂಗ್ ಇಲ್ಲ. ಮಾನಿಟರ್, ಯುಪಿಎಸ್ ಎಲ್ಲ ಸೇರಿ 45 ಸಾವಿರದೊಳಗೆ ಮುಗಿಯಬೇಕು.

ಎರಡು ಅಂಗಡಿಗಳಲ್ಲಿ ಕೇಳಿದ್ದೇನೆ. ಒಂದರಲ್ಲಿ ಬರೆದುಕೊಟ್ಟಿದ್ದು: "ಐ5, 8 ಜಿಬಿ, 512 ಎಸ್‌ಎಸ್‌ಡಿ, ವಿಂಡೋಸ್ ಸಹಿತ, ಹೊಸದು, 1 ವರ್ಷ ವಾರಂಟಿ, ₹19,500." ಇನ್ನೊಂದರಲ್ಲಿ: "ಐ3 12ನೇ ಜನರೇಷನ್, 8 ಜಿಬಿ, 500 ಜಿಬಿ ಎನ್‌ವಿಎಂಇ, ₹31,000." ಎರಡೂ ಸಿಪಿಯು ಡಬ್ಬದ ಬೆಲೆ ಮಾತ್ರ, ಮಾನಿಟರ್ ಬೇರೆ. ಐ5 ಅಂದರೆ ಐ3ಗಿಂತ ಮೇಲಿನದಲ್ಲವೇ? ಅದು ಕಡಿಮೆ ಬೆಲೆಗೆ ಹೇಗೆ ಸಿಗುತ್ತದೆ?

ಮಡಿಕೇರಿ, ವಿರಾಜಪೇಟೆ, ಕುಶಾಲನಗರದಲ್ಲೇ ಕೊಳ್ಳುವುದೋ, ಮೈಸೂರಿಗೆ ಹೋಗುವುದೋ, ಆನ್‌ಲೈನಿನಲ್ಲಿ ತರಿಸುವುದೋ? ಸಂಜೆ ಹೊತ್ತು ನಮ್ಮಲ್ಲಿ ವೋಲ್ಟೇಜ್ 160ರವರೆಗೆ ಇಳಿಯುತ್ತದೆ. ಕೆಟ್ಟಾಗ ಕೇಳಲು ಜನರಿಲ್ಲ ಎನ್ನುವುದೇ ದೊಡ್ಡ ಚಿಂತೆ. ನಮ್ಮ ಕಡೆಯಲ್ಲಿ ಬಳಕೆದಾರರ ಬಳಗ ಏನಾದರೂ ಇದೆಯೇ, ಇಲ್ಲದಿದ್ದರೆ ಕಟ್ಟಿಕೊಳ್ಳುವುದು ಹೇಗೆ?

---

ಗೋಣಿಕೊಪ್ಪ_ಹಾರ್ಡ್‌ವೇರ್:

ಮೊದಲು ಆ ₹19,500ರ ಚೀಟಿ. ಜನರೇಷನ್ ಬರೆಯದೆ ಬರೀ "ಐ5" ಅಂದರೆ ಹೆಚ್ಚಾಗಿ ಅದು 2ನೇ ಅಥವಾ 3ನೇ ಜನರೇಷನ್, ಅಂದರೆ 2011-12ರ ಕಾಲದ ಪ್ರೊಸೆಸರ್. ಆಫೀಸುಗಳಿಂದ ಗುಜರಿಗೆ ಬಂದ ಹಳೆಯ ಯಂತ್ರಗಳಿಂದ ಪ್ರೊಸೆಸರ್ ಕಳಚಿ, ಈಗಲೂ ತಯಾರಾಗುತ್ತಿರುವ ಎಚ್61 ಎಂಬ ಮದರ್‌ಬೋರ್ಡಿಗೆ ಕೂರಿಸುತ್ತಾರೆ. ಬೋರ್ಡು ಹೊಸದು, ಕ್ಯಾಬಿನೆಟ್ ಹೊಸದು, ಆದ್ದರಿಂದ "ಹೊಸದು" ಎಂದೇ ಮಾರುತ್ತಾರೆ. ರ್ಯಾಮ್ ಡಿಡಿಆರ್3 ಆಗಿರುತ್ತದೆ, ಮುಂದೆ ಇದನ್ನು ಮೇಲ್ದರ್ಜೆಗೇರಿಸಲು ದಾರಿಯಿಲ್ಲ. ವಿಂಡೋಸ್ 11ಕ್ಕೆ ಇಂಟೆಲ್ 8ನೇ ಜನರೇಷನ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇದರಲ್ಲಿ ಎರಡೂ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟ್ಯಾಲಿ, ಬ್ಯಾಂಕ್ ಕೆಲಸ ಮಾಡುವ ಯಂತ್ರಕ್ಕೆ ಇದು ಬೇಡವೇ ಬೇಡ. 3, 5, 7 ಎಂಬ ಅಂಕಿಯನ್ನು ಒಂದೇ ಜನರೇಷನ್ನಿನ ಒಳಗೆ ಹೋಲಿಸಬೇಕು. 12ನೇ ಜನರೇಷನ್ನಿನ ಐ3-12100 ಆ ಹಳೆಯ ಐ5ಅನ್ನು ಎಷ್ಟೋ ದೂರ ಹಿಂದೆ ಬಿಡುತ್ತದೆ.

ಎರಡನೆಯ ಕೊಟೇಷನ್ ಸರಿಯಾದ ದಾರಿಯಲ್ಲಿದೆ, ಆದರೆ ಅರ್ಧ ಬರೆದಿದ್ದಾರೆ. ಪ್ರತಿ ಭಾಗದ ಕಂಪನಿ, ಮಾದರಿ ಸಂಖ್ಯೆ, ವಾರಂಟಿ ವರ್ಷ ಬೇರೆ ಬೇರೆ ಸಾಲಿನಲ್ಲಿ ಬರಬೇಕು. ನಿಮ್ಮ ಕೆಲಸಕ್ಕೆ ನಾನು ಬರೆಸುವುದಾದರೆ ಹೀಗೆ:

ಪ್ರೊಸೆಸರ್: ಐ3-12100, ಸೀಲ್ ಇರುವ ಪೆಟ್ಟಿಗೆ, 3 ವರ್ಷ.
ಬೋರ್ಡು: ಎಚ್610 ಚಿಪ್‌ಸೆಟ್, ಡಿಡಿಆರ್4, ಎರಡು ರ್ಯಾಮ್ ಸ್ಲಾಟ್, ಒಂದು ಎಂ.2 ಸ್ಲಾಟ್, 3 ವರ್ಷ.
ರ್ಯಾಮ್: 8 ಜಿಬಿಯದು ಎರಡು. ಹಣ ಸಾಲದಿದ್ದರೆ ಈಗ ಒಂದು, ಸ್ಲಾಟ್ ಖಾಲಿ ಇರಲಿ.
ಎಸ್‌ಎಸ್‌ಡಿ: 500 ಜಿಬಿ ಎನ್‌ವಿಎಂಇ (ಎಂ.2 ಸ್ಲಾಟಿಗೆ ಕೂರುವ ವೇಗದ ಬಗೆ), 5 ವರ್ಷ ವಾರಂಟಿಯದು ಸಿಕ್ಕರೆ ಅದೇ.
ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಡಬ್ಬ): 80 ಪ್ಲಸ್ ಬ್ರಾಂಝ್, ಆಕ್ಟಿವ್ ಪಿಎಫ್‌ಸಿ, ಇನ್‌ಪುಟ್ 100–240 ವೋಲ್ಟ್.

12100 ಅಂತಲೇ ಇರಲಿ, 12100ಎಫ್ ಬೇಡ. ಕೊನೆಯಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡು ಹಾಕದೆ ಪರದೆಯಲ್ಲಿ ಏನೂ ಬರುವುದಿಲ್ಲ. ಬೆಲೆ ಸ್ವಲ್ಪ ಕಡಿಮೆ ಎಂದು ಅದನ್ನು ಸೇರಿಸಿ, ಆಮೇಲೆ ಹಳೆಯ ಗ್ರಾಫಿಕ್ಸ್ ಕಾರ್ಡೊಂದನ್ನು ತುರುಕುವುದುಂಟು.

ಕೊಟೇಷನ್ನಿನಲ್ಲಿ ಯಾವಾಗಲೂ ಕದಿಯುವ ಜಾಗ ಎಸ್‌ಎಂಪಿಎಸ್. "450 ವ್ಯಾಟ್" ಎಂದು ದೊಡ್ಡದಾಗಿ ಬರೆದಿರುತ್ತದೆ. ಬದಿಯ ಚೀಟಿಯಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಎಂದು ನೋಡಿ, 12ರಿಂದ ಗುಣಿಸಿ. 16 ಆಂಪಿಯರ್ ಇದ್ದರೆ ಅದು 192 ವ್ಯಾಟ್, ಅಷ್ಟೇ. ಇಂದಿನ ಪ್ರೊಸೆಸರ್ ಉಣ್ಣುವುದು ಈ 12 ವೋಲ್ಟಿನಿಂದಲೇ. ನಿಮ್ಮ ಯಂತ್ರ 100 ವ್ಯಾಟ್ ದಾಟುವುದು ಅಪರೂಪ, ಹಾಗಾಗಿ ಶಕ್ತಿ ಸಾಲದೆ ಹೋಗುವುದಿಲ್ಲ. ತೊಂದರೆ ಬೇರೆ: ಅಗ್ಗದ್ದು ಕೆಡುವಾಗ ತಾನೊಂದೇ ಕೆಡುವುದಿಲ್ಲ, ಬೋರ್ಡನ್ನೂ ಎಸ್‌ಎಸ್‌ಡಿಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. 160 ವೋಲ್ಟ್ ಇರುವಲ್ಲಿ 200–240 ಎಂದು ಬರೆದ ಎಸ್‌ಎಂಪಿಎಸ್ ಹಾಕಿದರೆ ಸಂಜೆ ಆರಕ್ಕೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುತ್ತಿರುತ್ತದೆ, ಎಲ್ಲರೂ ವಿಂಡೋಸನ್ನು ಬೈಯುತ್ತಾರೆ.

ಈಗ ಅಂಗಡಿ. ಹೆಸರು ಹೇಳುವುದಿಲ್ಲ. ಅಂಗಡಿಯ ನಾಮಫಲಕ ಅದೇ ಇದ್ದರೂ ಒಳಗೆ ಕೆಲಸ ಮಾಡುವ ಹುಡುಗರು ಬದಲಾಗುತ್ತಾರೆ, ಹೋದ ವರ್ಷದ ಹೆಸರು ಈ ವರ್ಷಕ್ಕೆ ಸಾಕ್ಷಿಯಲ್ಲ. ದೊಡ್ಡ ಹಣ ಕೊಡುವ ಮೊದಲು ಸಣ್ಣ ಕೆಲಸವೊಂದನ್ನು ಕೊಟ್ಟು ನೋಡಿ: ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸುವುದೋ, ಫ್ಯಾನ್ ಬದಲಿಸುವುದೋ. ಜಾಬ್ ಶೀಟ್ ಬರೆದು ಅದರಲ್ಲಿ ಸೀರಿಯಲ್ ನಂಬರ್ ಹಾಕಿದರೇ? ತೆಗೆದ ಹಳೆಯ ಭಾಗವನ್ನು ಕೇಳದೆಯೇ ಹಿಂದಕ್ಕೆ ಕೊಟ್ಟರೇ? ಮುಖ್ಯವಾಗಿ, ಫಾರ್ಮ್ಯಾಟ್ ಮಾಡುವ ಮೊದಲು "ಇದರಲ್ಲಿ ಬೇಕಾದ ಫೈಲು ಏನಿದೆ?" ಎಂದು ಅವರಾಗಿ ಕೇಳಿದರೇ? ಈ ಕೊನೆಯದನ್ನು ಕೇಳುವ ಅಂಗಡಿ ಸಿಕ್ಕರೆ ಎರಡು ಸಾವಿರ ಹೆಚ್ಚಾದರೂ ಅಲ್ಲೇ ಕೊಳ್ಳಿ.

ಆಮೇಲೆ ಕೌಂಟರಿನಲ್ಲಿ ನೇರವಾಗಿ ಕೇಳಬೇಕಾದ್ದು: ವಾರಂಟಿಯಲ್ಲಿ ಬೋರ್ಡು ಕೆಟ್ಟರೆ ಕಳುಹಿಸುವವರು ನೀವೋ ನಾವೋ? ಎಷ್ಟು ದಿನ? ಅಷ್ಟು ದಿನ ಬದಲಿ ಭಾಗ ಕೊಡುತ್ತೀರಾ? ಬಿಡಿಭಾಗಗಳು ವಿತರಕರ ಮೂಲಕ ಮೈಸೂರು ಅಥವಾ ಬೆಂಗಳೂರಿಗೆ ಹೋಗಿ ಬರಬೇಕು. ಎರಡರಿಂದ ನಾಲ್ಕು ವಾರ ಎಂದು ಹೇಳುವವರು ನಿಜ ಹೇಳುತ್ತಿದ್ದಾರೆ. "ನಾಳೆಯೇ ಆಗುತ್ತದೆ" ಎಂದು ಎಲ್ಲದಕ್ಕೂ ಹೇಳುವವರ ಬಳಿ ಅದನ್ನು ಬಿಲ್ಲಿನ ಹಿಂದೆ ಬರೆಸಿ. ನಾಪೋಕ್ಲುವಿಗೆ ಬಂದು ನೋಡಲು ಎಷ್ಟು ತೆಗೆದುಕೊಳ್ಳುತ್ತಾರೆ ಎನ್ನುವುದನ್ನೂ ಈಗಲೇ ಮಾತಾಡಿಕೊಳ್ಳಿ.

ಮೈಸೂರಿನಲ್ಲಿ ಆಯ್ಕೆ ಹೆಚ್ಚು, ದರವೂ ಒಂದಿಷ್ಟು ಕಡಿಮೆ. ಆದರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ನಿಮಗೆ ಇನ್ನೂ ಹೆಚ್ಚು. ಒಂದು ಎಸ್‌ಎಂಪಿಎಸ್ ಬದಲಿಸಲು ಹೋಗಿ ಬಂದರೆ ಉಳಿತಾಯವೆಲ್ಲ ಡೀಸೆಲ್ಲಿಗೆ. ಮಂಗಳೂರು ಕಡೆಯ ಅಂಗಡಿಯನ್ನು ವಾರಂಟಿಗಾಗಿ ನಂಬಿಕೊಳ್ಳಬೇಡಿ, ಮಳೆಗಾಲದಲ್ಲಿ ಸಂಪಾಜೆ ಘಾಟಿಯ ಭರವಸೆಯಿಲ್ಲ. 2018ರ ಆಗಸ್ಟಿನಲ್ಲಿ ಆ ರಸ್ತೆ ಕುಸಿದು ತಿಂಗಳುಗಟ್ಟಲೆ ಹೇಗಿತ್ತೆಂದು ಎಲ್ಲರಿಗೂ ಗೊತ್ತು. ಆನ್‌ಲೈನಿನಲ್ಲಿ ಕೀಬೋರ್ಡ್, ಮೌಸ್, ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್ ತರಿಸಿಕೊಳ್ಳಿ. ಬೋರ್ಡು, ಪ್ರೊಸೆಸರ್, ಮಾನಿಟರ್ ಊರಿನ ಹತ್ತಿರವೇ ಇರಲಿ. ಕಂಪನಿಯ ಬ್ರಾಂಡೆಡ್ ಡೆಸ್ಕ್‌ಟಾಪ್ ಆದರೆ "ಆನ್‌ಸೈಟ್ ವಾರಂಟಿ" ಎಂಬ ಮಾತನ್ನು ನಂಬುವ ಮೊದಲು ಕಂಪನಿಗೆ ಫೋನ್ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ. ಮಡಿಕೇರಿಯ 571201ಕ್ಕೆ ಬರುವ ಎಂಜಿನಿಯರ್ ಒಳಗಿನ ಊರಿಗೂ ಬರುತ್ತಾರೆಂದು ಇಟ್ಟುಕೊಳ್ಳಬೇಡಿ.

ತರುವ ದಿನ ಅಂಗಡಿಯಲ್ಲೇ ಅರ್ಧ ಗಂಟೆ ಕೂರಿ. ಪೆಟ್ಟಿಗೆಗಳನ್ನು ನಿಮ್ಮ ಕಣ್ಣೆದುರು ಒಡೆಯಲಿ, ಖಾಲಿ ಪೆಟ್ಟಿಗೆಗಳನ್ನೂ ಮನೆಗೆ ತನ್ನಿ, ವಾರಂಟಿಗೆ ಬೇಕಾಗುತ್ತದೆ. ಸಿಪಿಯು-ಝಡ್‌ನಲ್ಲಿ ಪ್ರೊಸೆಸರ್ ಮತ್ತು ಬೋರ್ಡಿನ ಹೆಸರು ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಎಸ್‌ಎಸ್‌ಡಿ ಓಡಿದ ಗಂಟೆ ನೋಡಿ: ಹೊಸದರಲ್ಲಿ ಅದು ಸೊನ್ನೆ ಅಥವಾ ಒಂದೆರಡು, ನೂರು ದಾಟಿದ್ದರೆ ಬೇರೆ ಯಂತ್ರದಲ್ಲಿ ಓಡಿ ಬಂದದ್ದು. ಬಿಲ್ಲಿನಲ್ಲಿ 18% ಜಿಎಸ್‌ಟಿ ಬೇರೆಯಾಗಿ ಕಾಣಬೇಕು, ಪ್ರತಿ ಭಾಗದ ಸೀರಿಯಲ್ ನಂಬರ್ ಇರಬೇಕು. "ಬಿಲ್ಲಿಲ್ಲದೆ ಕೊಟ್ಟರೆ ಕಡಿಮೆಗೆ" ಎಂದರೆ ಅವರು ಕಡಿಮೆ ಮಾಡುತ್ತಿರುವುದು ನಿಮ್ಮ ಮೂರು ವರ್ಷದ ವಾರಂಟಿಯನ್ನು. ರ್ಯಾಮ್, ಎಸ್‌ಎಸ್‌ಡಿ ದರ ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಆಗುವುದರಿಂದ ಕೊಟೇಷನ್ ಎಷ್ಟು ದಿನ ನಡೆಯುತ್ತದೆ ಎಂಬ ದಿನಾಂಕವೂ ಬೇಕು.

"ವಿಂಡೋಸ್ ಸಹಿತ" ಎಂದರೆ ಯಾವ ಲೈಸೆನ್ಸ್ ಎಂದು ಕೇಳಿ. ಕಮಾಂಡ್ ಪ್ರಾಂಪ್ಟಿನಲ್ಲಿ slmgr /xpr ಎಂದು ಟೈಪಿಸಿ ಎಂಟರ್ ಒತ್ತಿ. ಶಾಶ್ವತವಾಗಿ ಸಕ್ರಿಯ ಎಂದು ಬರಬೇಕು. ಆರು ತಿಂಗಳೊಳಗಿನ ದಿನಾಂಕವೊಂದನ್ನು ತೋರಿಸಿದರೆ ಅದು ದೊಡ್ಡ ಸಂಸ್ಥೆಗಳ ಲೈಸೆನ್ಸ್ ವ್ಯವಸ್ಥೆಯನ್ನು ಕದ್ದು ಹಾಕಿದ್ದು, 180 ದಿನದ ಗಡುವು ಮುಗಿಯುವ ಮೊದಲೇ ನವೀಕರಿಸುತ್ತಿರುವ ಕಳ್ಳ ಪ್ರೋಗ್ರಾಂ ಒಳಗೆ ಕೂತಿದೆ ಎಂದರ್ಥ. ಬ್ಯಾಂಕ್ ಪಾಸ್‌ವರ್ಡ್ ಟೈಪಿಸುವ ಯಂತ್ರದಲ್ಲಿ ಅದು ಇರಬಾರದು.

---

ಮರುಬಳಕೆ_ಕುಶಾಲನಗರ:

45 ಸಾವಿರ ಬಿಗಿಯಾದರೆ ಇನ್ನೊಂದು ದಾರಿಯಿದೆ. ಕಂಪನಿಗಳು ಲೀಸ್ ಮುಗಿದ ಮೇಲೆ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್. ಇವನ್ನು "ಹಳೆಯದು" ಎಂದು ಹೇಳಿಯೇ ಮಾರುವ ಅಂಗಡಿಯಿಂದ ಕೊಂಡರೆ ತಪ್ಪೇನಿಲ್ಲ, ಬೋರ್ಡೂ ಎಸ್‌ಎಂಪಿಎಸ್ಸೂ ಅಗ್ಗದ ಅಸೆಂಬಲ್‌ಗಿಂತ ಗಟ್ಟಿ. ಐ5-8500 ಅಥವಾ ಅದರ ಮುಂದಿನದು ಮಾತ್ರ. 6500, 7500 ನೋಡಲು ಹಾಗೇ ಇರುತ್ತವೆ, ವಿಂಡೋಸ್ 11ಕ್ಕೆ ಸಲ್ಲುವುದಿಲ್ಲ. ಸಣ್ಣ ಕ್ಯಾಬಿನೆಟ್ಟಿನವುಗಳಲ್ಲಿ ಎಸ್‌ಎಂಪಿಎಸ್ಸೂ ಅದರ ಕನೆಕ್ಟರೂ ಆ ಕಂಪನಿಯದೇ, ಪೇಟೆಯಲ್ಲಿ ಸಿಗುವ ಸಾಮಾನ್ಯ ಎಸ್‌ಎಂಪಿಎಸ್ ಕೂರುವುದಿಲ್ಲ. ಆದ್ದರಿಂದ ಕೊಳ್ಳುವಾಗಲೇ ಬದಲಿ ಎಸ್‌ಎಂಪಿಎಸ್ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಎಂದು ಕೇಳಿ. ಎಸ್‌ಎಸ್‌ಡಿ ಮಾತ್ರ ಹೊಸದು ಹಾಕಿಸಿ, ಬಿಲ್ ಸಮೇತ.

---

ತಂತಿಮಿಂಚು:

ಮೇಲಿನವರು ಡಬ್ಬದ ಬಗ್ಗೆ ಹೇಳಿದರು. ನಮ್ಮ ಜಿಲ್ಲೆಯಲ್ಲಿ ಕಂಪ್ಯೂಟರನ್ನು ಕೊಲ್ಲುವುದು ಹೆಚ್ಚಾಗಿ ಗೋಡೆಯಿಂದ ಬರುವುದು. ಸಿಡಿಲಿಗೆ ಸುಟ್ಟ ಬೋರ್ಡು, ಕಪ್ಪು ಗುರುತು ಕಂಡ ಕೂಡಲೇ ವಾರಂಟಿಯಿಂದ ಹೊರಗೆ. ಎಷ್ಟೇ ಒಳ್ಳೆಯ ಅಂಗಡಿಯವರಿದ್ದರೂ ಅಲ್ಲಿ ಅವರ ಕೈಯಲ್ಲಿ ಏನೂ ಇಲ್ಲ. ಹಾಗಾಗಿ ಯಂತ್ರ ತರುವ ಮೊದಲು ಅರ್ಥಿಂಗ್ ನೋಡಿ.

ಮಲ್ಟಿಮೀಟರನ್ನು ಎಸಿ 750 ಅಥವಾ 600ಕ್ಕೆ ಇಡಿ. ಸಾಕೆಟ್ಟಿಗೆ ಎದುರಾಗಿ ನಿಂತರೆ ಬಲದ ತೂತು ಫೇಸ್, ಎಡದ್ದು ನ್ಯೂಟ್ರಲ್, ಮೇಲಿನ ದೊಡ್ಡದು ಅರ್ಥ್. ಫೇಸ್–ನ್ಯೂಟ್ರಲ್ ನಿಮ್ಮ ಲೈನಿನ ವೋಲ್ಟೇಜ್. ಫೇಸ್–ಅರ್ಥ್ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್–ಅರ್ಥ್ 3 ವೋಲ್ಟಿನ ಒಳಗಿರಬೇಕು. ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಅಳೆಸಿ, ಆದರೆ ಮೂರೂ ಅಂಕಿಗಳನ್ನು ಬರೆದುಕೊಳ್ಳಿ.

ವೋಲ್ಟೇಜ್ 160ಕ್ಕೆ ಇಳಿಯುವ ಮನೆಯಲ್ಲಿ ಇನ್ವರ್ಟರ್ ವಿಷಯ ಸೂಕ್ಷ್ಮ. ಹೆಚ್ಚಿನ ಇನ್ವರ್ಟರುಗಳ ಹಿಂದೆ ಯುಪಿಎಸ್, ಇಕೋ ಎಂಬ ಸ್ವಿಚ್ ಇರುತ್ತದೆ. ಯುಪಿಎಸ್ ಕಡೆ ಹಾಕಿದರೆ ಕರೆಂಟು ಹೋದಾಗ ಬದಲಾವಣೆ ಬೇಗ ಆಗುತ್ತದೆ, ಕಂಪ್ಯೂಟರ್ ಆರುವುದಿಲ್ಲ. ಆದರೆ ಸುಮಾರು 180 ವೋಲ್ಟಿನ ಕೆಳಗೆ ಇಳಿದ ಕೂಡಲೇ ಅದು ಬ್ಯಾಟರಿಗೆ ಹೋಗುತ್ತದೆ. ನಿಮ್ಮಲ್ಲಿ ಪ್ರತಿ ಸಂಜೆ ಬ್ಯಾಟರಿ ಖಾಲಿಯಾಗುತ್ತದೆ, ಚಾರ್ಜ್ ಆಗಲು ಹೊತ್ತೇ ಸಿಗುವುದಿಲ್ಲ, ರಾತ್ರಿ ನಿಜವಾಗಿ ಕರೆಂಟು ಹೋದಾಗ ಏನೂ ಉಳಿದಿರುವುದಿಲ್ಲ. ಇಕೋ ಕಡೆ ಹಾಕಿದರೆ 100ರಷ್ಟು ಕಡಿಮೆ ವೋಲ್ಟೇಜನ್ನೂ ಹಾಗೇ ಒಳಗೆ ಬಿಡುತ್ತದೆ, ಬದಲಾವಣೆ ಮಾತ್ರ ನಿಧಾನ. ಹಾಗಾಗಿ ಮನೆಯ ಇನ್ವರ್ಟರನ್ನು ಇಕೋದಲ್ಲಿ ಬಿಟ್ಟು, ಕಂಪ್ಯೂಟರಿಗೆ ಬೇರೆ 600 ವಿಎ ಲೈನ್ ಇಂಟರಾಕ್ಟಿವ್ ಯುಪಿಎಸ್ ಇಡುವುದು ಸರಿ. ಅದರೊಳಗಿನ ಎವಿಆರ್ (ವೋಲ್ಟೇಜ್ ಸರಿಪಡಿಸುವ ಭಾಗ) 160ನ್ನು ಎತ್ತಿ ಕೊಡಬೇಕು, ಪೆಟ್ಟಿಗೆಯ ಮೇಲೆ ಇನ್‌ಪುಟ್ 140ರಿಂದ ಶುರುವಾಗುವುದನ್ನೇ ಆರಿಸಿ. 600 ವಿಎ ಎಂದರೆ ಸುಮಾರು 360 ವ್ಯಾಟ್. ಒಳಗಿನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಹೊಸದಿದ್ದಾಗ ನಿಮ್ಮ ಯಂತ್ರವನ್ನು 15–20 ನಿಮಿಷ ಎಳೆಯುತ್ತದೆ, ಫೈಲು ಉಳಿಸಿ ಮುಚ್ಚಲು ಸಾಕು. ಎರಡು ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಬೇಕು. ಪ್ರಿಂಟರನ್ನು, ಅದರಲ್ಲೂ ಲೇಸರ್ ಪ್ರಿಂಟರನ್ನು ಯುಪಿಎಸ್ಸಿಗೆ ಸಿಕ್ಕಿಸಬೇಡಿ. ಅದು ಬಿಸಿಯಾಗುವ ಹೊತ್ತಿನ ಎಳೆತಕ್ಕೆ ಯುಪಿಎಸ್ ಬಿದ್ದುಹೋಗುತ್ತದೆ. ಮನೆಯಲ್ಲಿ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಅದನ್ನೂ ಹೇಳಿ, ಆಕ್ಟಿವ್ ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್‌ಗಳು ಅದರಲ್ಲಿ ತಡವರಿಸುತ್ತವೆ.

ಸಿಡಿಲು. ಮಾರ್ಚ್–ಏಪ್ರಿಲಿನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಗುಡುಗಿನ ಜೊತೆಗೇ ಬರುತ್ತದೆ, ಮೇ ತನಕ ಇದೇ ಕತೆ. ಜೂನ್ ದಾಟಿದ ಮೇಲೆ ಮಳೆ ಜಾಸ್ತಿ, ಗುಡುಗು ಕಡಿಮೆ. ಮೋಡ ಕಟ್ಟಿದಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನು ಕೀಳಬೇಕು. ಯುಪಿಎಸ್ಸಿನ ಪ್ಲಗ್, ರೂಟರಿನ ಅಡಾಪ್ಟರ್, ಕಂಪ್ಯೂಟರಿಗೆ ಹೋಗುವ ಲ್ಯಾನ್ ತಂತಿ, ಮೂರನ್ನೂ. ಫೈಬರ್ ಬಂದಿದೆ, ಇನ್ನು ಭಯವಿಲ್ಲ ಎಂದು ಹೇಳುವವರಿದ್ದಾರೆ. ಗಾಜಿನ ಎಳೆಯಲ್ಲಿ ಕರೆಂಟು ಬಾರದು, ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲ್ಲಿನಲ್ಲಿ ಹೊರೆ ಹೊರಲು ಉಕ್ಕಿನ ತಂತಿಯೊಂದು ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು, ಮೋಡೆಮ್ಮಿನವರೆಗೆ ಬಿಡಬಾರದು. ಕನೆಕ್ಷನ್ ಕೊಡಲು ಬಂದವರಿಗೆ ನಿಂತು ಹೇಳಿ ಮಾಡಿಸಿ. ಇನ್ನು ಡಿಬಿಯಲ್ಲಿ (ಮನೆಯ ವಿದ್ಯುತ್ ಹಂಚುವ ಪೆಟ್ಟಿಗೆ) ಟೈಪ್ 2 ಎಸ್‌ಪಿಡಿ, ಅಂದರೆ ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸಾಧನ, ಹಾಕಿಸಬಹುದು, ಅರ್ಥಿಂಗ್ ಸರಿಯಿದ್ದರೆ ಮಾತ್ರ ಅದಕ್ಕೆ ಬೆಲೆ. ಅರ್ಥ್ ಇಲ್ಲದ ಮನೆಯಲ್ಲಿ ಸ್ಪೈಕ್ ಗಾರ್ಡೂ ಬರಿಯ ಎಕ್ಸ್‌ಟೆನ್ಶನ್ ಬಾಕ್ಸೇ.

ತೇವಕ್ಕೆ ಒಂದೇ ಮದ್ದು, ಬಳಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಕ್ಕೆ ಒಂದೆರಡು ಗಂಟೆ ಓಡಿಸಿ, ಒಳಗಿನ ಬಿಸಿಯೇ ಒಣಗಿಸುತ್ತದೆ. ಕ್ಯಾಬಿನೆಟ್ ಒಳಗೆ ಸಿಲಿಕಾ ಜೆಲ್ ಇಡುವುದು ವ್ಯರ್ಥ, ಗಾಳಿ ಓಡಾಡುವ ಡಬ್ಬ ಅದು. ಜೆಲ್ ಬೇಕಾಗುವುದು ಮುಚ್ಚಿದ ಡಬ್ಬಿಯಲ್ಲಿಡುವ ಹೊರ ಹಾರ್ಡ್‌ಡಿಸ್ಕಿಗೆ. ಕ್ಯಾಬಿನೆಟ್ಟನ್ನು ನೆಲದಿಂದ ಅರ್ಧ ಅಡಿ ಮೇಲೆ, ಹೊರಗೋಡೆಯಿಂದ ಒಂದು ಗೇಣು ದೂರ ಇಡಿ. ವಾರಗಟ್ಟಲೆ ಮುಚ್ಚಿಟ್ಟು ತೆರೆದಾಗ ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ ನೂರಕ್ಕೆ ಬಹುಪಾಲು ರ್ಯಾಮಿನ ಚಿನ್ನದ ಬಣ್ಣದ ಅಂಚು ಕಿಲುಬಿರುವುದು. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ರ್ಯಾಮ್ ತೆಗೆದು, ಬಿಳಿ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಕೊಡವಿ ಮತ್ತೆ ಎರಡೂ ಕಡೆಯ ಕೊಂಡಿ ಕಚ್ಚುವಂತೆ ಕೂರಿಸಿ. ಇದಕ್ಕೆ ಯಾರಿಗೂ ಐನೂರು ಕೊಡಬೇಕಿಲ್ಲ. ದಿನಾಂಕ ಹಿಂದಕ್ಕೆ ಹೋಗಿ ಬ್ಯಾಂಕಿನ ತಾಣವೆಲ್ಲ "ಸುರಕ್ಷಿತವಲ್ಲ" ಎಂದು ತೋರಿಸಿದರೆ ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದೆ. ಹಿಂಬದಿಯ ಖಾಲಿ ಸ್ಲಾಟುಗಳಿಗೆ ಪಟ್ಟಿ ಹಾಕಿ ಮುಚ್ಚಿ, ಇರುವೆ, ಹಲ್ಲಿ ಒಳಗೆ ಹೋಗುವುದು ಅಲ್ಲಿಂದ.

---

ನಾಪೋಕ್ಲು_ಹೊಸಬ:

ತಂತಿಮಿಂಚು ಅವರೇ, ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿದೆ. ಫೇಸ್–ನ್ಯೂಟ್ರಲ್ 224. ಫೇಸ್–ಅರ್ಥ್ 118. ನ್ಯೂಟ್ರಲ್–ಅರ್ಥ್ 104. ಫ್ರಿಡ್ಜ್ ಮುಟ್ಟಿದರೆ ಒಮ್ಮೊಮ್ಮೆ ಚುರ್ ಎನ್ನುವುದೂ ಇದೆ.

---

ತಂತಿಮಿಂಚು:

ಅರ್ಥ್ ತಂತಿ ನೆಲಕ್ಕೆ ಸೇರಿಲ್ಲ, ನಡುವೆ ಎಲ್ಲೋ ತೇಲುತ್ತಿದೆ. ಎಸ್‌ಎಂಪಿಎಸ್‌ನಂಥ ಸಾಮಾನುಗಳ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ಅದನ್ನು ಎಳೆಯುತ್ತಿವೆ, ಹಾಗಾಗಿ ಇಬ್ಭಾಗವಾಗಿ ಕಾಣುತ್ತದೆ. ಕಂಪ್ಯೂಟರ್ ಇರಲಿ, ಮೊದಲು ಮನೆಯವರ ಜೀವಕ್ಕೆ ಇದು ಸರಿಯಾಗಬೇಕು. ಡಿಬಿಯಿಂದ ಅರ್ಥ್ ಗುಂಡಿಯವರೆಗಿನ ತಂತಿ, ಗುಂಡಿಯಲ್ಲಿ ಪೈಪಿಗೆ ಬಿಗಿದ ಬೋಲ್ಟ್, ಎರಡನ್ನೂ ನೋಡಿಸಿ. ತುಕ್ಕು ಹಿಡಿದ ಬೋಲ್ಟೇ ಸಾಮಾನ್ಯ ಕಾರಣ. ಗುಂಡಿಯೇ ಇಲ್ಲದಿದ್ದರೆ ಎರಡೂವರೆ ಮೀಟರಿನ ಜಿಐ ಪೈಪು, ಸುತ್ತ ಇದ್ದಿಲು ಉಪ್ಪು, ಮೇಲೆ ನೀರು ಹೊಯ್ಯಲು ಬಾಯಿ. ನಮ್ಮ ಜಂಬಿಟ್ಟಿಗೆ ಮಣ್ಣು ಫೆಬ್ರವರಿಯಿಂದ ಒಣಗಿ ಕಲ್ಲಾಗುತ್ತದೆ, ಹೂಮಳೆ ಬೀಳುವ ತನಕ ವಾರಕ್ಕೊಂದು ಕೊಡ ನೀರು ಹಾಕಬೇಕು. ಜೊತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಹಾಕಿಸಿ. ನ್ಯೂಟ್ರಲ್ಲಿಗೂ ಅರ್ಥಿಗೂ ಸಾಕೆಟ್ಟಿನಲ್ಲಿ ಒಂದು ತುಂಡು ತಂತಿ ಕಟ್ಟಿ "ಸರಿಯಾಯ್ತು" ಎನ್ನುವವರಿದ್ದಾರೆ, ಮೀಟರಿನಲ್ಲಿ ಸೊನ್ನೆಯೂ ಬರುತ್ತದೆ. ಹಾಗೆ ಮಾಡಲು ಖಂಡಿತ ಬಿಡಬೇಡಿ. ನ್ಯೂಟ್ರಲ್ ಕಡಿದ ದಿನ ಫ್ರಿಡ್ಜ್, ಕ್ಯಾಬಿನೆಟ್ ಎಲ್ಲದರ ಮೈಗೂ ಪೂರ್ತಿ ಫೇಸ್ ಬರುತ್ತದೆ. ಸಂಜೆಯ 160ಕ್ಕೆ ಒಂದು ವಾರ ಸಮಯ ಸಹಿತ ಬರೆದಿಟ್ಟು ವಿದ್ಯುತ್ ಕಂಪನಿ ಸೆಸ್ಕ್‌ನ ಸೆಕ್ಷನ್ ಆಫೀಸಿಗೆ ಲಿಖಿತವಾಗಿ ಕೊಡಿ. ಬಾಯಿಮಾತಿಗಿಂತ ಆ ಪಟ್ಟಿಗೆ ತೂಕ.

---

ಲಿಪಿಗಾರ್ತಿ:

ಬಳಗದ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ, ನಾನು ಬರೆಯುತ್ತೇನೆ.

ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಇಂಥ ಕಡೆ ನೂರಾರು ಯಂತ್ರಗಳ ಲ್ಯಾಬ್ ನಡೆಸುವ ಸಿಬ್ಬಂದಿ ಇರುತ್ತಾರೆ. ಯಾವ ಅಂಗಡಿ ವಾರಂಟಿಗೆ ಸರಿಯಾಗಿ ಸ್ಪಂದಿಸುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಪರಿಚಯದವರ ಮೂಲಕ ಕೇಳಿ, "ಒಳ್ಳೆಯ ಅಂಗಡಿ ಯಾವುದು" ಎಂದಲ್ಲ, "ಹೋದ ವರ್ಷ ವಾರಂಟಿಗೆ ಕಳಿಸಿದ್ದು ಎಷ್ಟು ದಿನಕ್ಕೆ ಬಂತು" ಎಂದು. ಮಗಳ ಪೈಥಾನಿಗೂ ಲಿನಕ್ಸಿಗೂ ಬೆಂಗಳೂರಿನ ಎಫ್‌ಎಸ್‌ಎಂಕೆ, ಅಂದರೆ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಇದೆ. ಕನ್ನಡ ತಂತ್ರಾಂಶದ ವಿಷಯಕ್ಕೆ ಸಂಚಯ ಬಳಗವಿದೆ. ಬಿಡಿಭಾಗಗಳ ಆಯ್ಕೆ, ದರದ ಚರ್ಚೆಗೆ ಟೆಕ್‌ಎನ್‌ಕ್ಲೇವ್ ಎಂಬ ಆನ್‌ಲೈನ್ ವೇದಿಕೆ, ಅಲ್ಲಿನ ಮಾತುಕತೆ ಇಂಗ್ಲಿಷಿನಲ್ಲಿ. ಕೊಟೇಷನ್ ಹಾಗೇ ಹಾಕಿದರೆ ಯಾವ ಸಾಲು ಸರಿಯಿಲ್ಲ ಎಂದು ಹೇಳುವವರು ಅಲ್ಲಿದ್ದಾರೆ.

ಆದರೆ ಕತ್ತಲಲ್ಲಿ ಯಂತ್ರ ಏಳದಿದ್ದಾಗ ಬೇಕಾಗುವುದು ಪಕ್ಕದೂರಿನವರು. ನಾಲ್ಕೈದು ಮನೆ ಸೇರಿದರೂ ಬಳಗವೇ. ಬಳಗಕ್ಕೆ ಮಾತಿಗಿಂತ ಮೊದಲು ಬೇಕಾದ್ದು ಒಂದು ಪೆಟ್ಟಿಗೆ: ಕೆಲಸ ಮಾಡುವ ಒಂದು ಎಸ್‌ಎಂಪಿಎಸ್, 8 ಜಿಬಿಯ ಒಂದು ಡಿಡಿಆರ್4 ರ್ಯಾಮ್, ಐದು ಸಿಆರ್2032, ಒಂದು ಮಲ್ಟಿಮೀಟರ್, ಮೂರು ಪೆನ್‌ಡ್ರೈವ್. ಒಂದರಲ್ಲಿ ವಿಂಡೋಸ್ 11 ಇನ್‌ಸ್ಟಾಲರ್, ಒಂದರಲ್ಲಿ ಲಿನಕ್ಸ್ ಮಿಂಟ್, ಒಂದರಲ್ಲಿ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್. ಮನೆಯ ಡೆಸ್ಕ್‌ಟಾಪುಗಳ ತೊಂದರೆಯಲ್ಲಿ ಹೆಚ್ಚಿನವು "ಯಾವ ಭಾಗ ಕೆಟ್ಟಿದೆ" ಎನ್ನುವುದು ತಿಳಿಯದೇ ನಿಲ್ಲುತ್ತವೆ. ಚೆನ್ನಾಗಿರುವ ಭಾಗ ಹಾಕಿ ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಮಿಂಟ್ ಪೆನ್‌ಡ್ರೈವಿನಿಂದ ಯಂತ್ರ ಎದ್ದರೆ ಬೋರ್ಡು, ರ್ಯಾಮ್ ಸರಿ ಇವೆ, ತೊಂದರೆ ಡಿಸ್ಕಿನದೋ ವಿಂಡೋಸಿನದೋ. ಹಾಗೆಯೇ ಫೈಲುಗಳನ್ನೂ ಹೊರತೆಗೆದುಕೊಳ್ಳಬಹುದು. ಪೆಟ್ಟಿಗೆ ಯಾರ ಮನೆಯಲ್ಲಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಕೂಡುವುದಾದರೆ ಮಡಿಕೇರಿಯ ಶುಕ್ರವಾರದ ಸಂತೆಯ ದಿನ ಒಳ್ಳೆಯದು, ಹೇಗೂ ಎಲ್ಲ ಕಡೆಯವರು ಪೇಟೆಗೆ ಬರುತ್ತಾರೆ.

ಕೇಳುವ ರೀತಿಯ ಬಗ್ಗೆ ಒಂದು ಮಾತು. "ಕಂಪ್ಯೂಟರ್ ಆನ್ ಆಗ್ತಿಲ್ಲ, ಹೆಲ್ಪ್ ಮಾಡಿ" ಎಂದರೆ ಹತ್ತು ಜನ ಹತ್ತು ಊಹೆ ಹೇಳುತ್ತಾರೆ. ಬೋರ್ಡಿನ ಮಾದರಿ, ಫ್ಯಾನ್ ತಿರುಗುತ್ತದೋ ಇಲ್ಲವೋ, ಬೀಪ್ ಎಷ್ಟು, ಪರದೆಯ ಫೋಟೊ, ಕೆಡುವ ಮೊದಲು ಏನು ಬದಲಿಸಿದಿರಿ, ಹಿಂದಿನ ರಾತ್ರಿ ಗುಡುಗಿತ್ತೇ, ಇಷ್ಟು ಬರೆಯಿರಿ. ಸರಿಯಾದ ಮೇಲೆ ಏನು ಮಾಡಿದ್ದರಿಂದ ಸರಿಯಾಯಿತು ಎಂದೂ ಅಲ್ಲೇ ಬರೆಯಬೇಕು. ಹಾಗೆ ಬರೆಯದ ಗುಂಪುಗಳಲ್ಲಿ ಒಂದೇ ಪ್ರಶ್ನೆ ತಿಂಗಳಿಗೊಮ್ಮೆ ಹುಟ್ಟುತ್ತದೆ.

ನಿಮ್ಮ ನುಡಿ ಫೈಲುಗಳಿಗೆ. ನುಡಿ 01 ಇ ಥರದ ಹಳೆಯ ಫಾಂಟಿನಲ್ಲಿದ್ದರೆ ಒಳಗಿರುವುದು ನಿಜವಾಗಿ ಲ್ಯಾಟಿನ್ ಅಕ್ಷರಗಳು, ಫಾಂಟ್ ಅದನ್ನು ಕನ್ನಡದಂತೆ ತೋರಿಸುತ್ತದೆ. ಹೊಸ ಯಂತ್ರದಲ್ಲಿ ಫಾಂಟ್ ಇಲ್ಲದಿದ್ದರೆ ಅರ್ಥವಾಗದ ಗುರುತುಗಳು ಕಾಣುತ್ತವೆ. ಫೈಲು ಹಾಳಾಗಿಲ್ಲ, ಗಾಬರಿ ಬೇಡ. ಮೊದಲು ಎಲ್ಲವನ್ನೂ ನಕಲು ಮಾಡಿ ಬೇರೆ ಇಡಿ, ಆಮೇಲೆ ಯೂನಿಕೋಡಿಗೆ ಪರಿವರ್ತಿಸಿ. ಹೊಸ ನುಡಿಯಲ್ಲೇ ಪರಿವರ್ತಕ ಇದೆ, ಸಂಚಯದ ಪರಿವರ್ತಕವೂ ಇದೆ. ಎರಡು ಕಡೆ ಎಡವುತ್ತದೆ: ಕನ್ನಡದ ನಡುವೆ ಇರುವ ಇಂಗ್ಲಿಷ್ ಪದಗಳೂ ಕನ್ನಡವಾಗಿ ಗೊಂದಲವಾಗುತ್ತವೆ, ಅವನ್ನು ಕೈಯಾರೆ ಸರಿಪಡಿಸಬೇಕು, ಮತ್ತೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಬೇಕು. ಕೂಲಿ ಪಟ್ಟಿಯ ಹೆಸರುಗಳನ್ನು ಪರಿವರ್ತಿಸಿದ ಮೇಲೆಯೇ ಎಕ್ಸೆಲ್ ಅವನ್ನು ಅಕಾರಾದಿಯಾಗಿ ಜೋಡಿಸಬಲ್ಲದು, ಹುಡುಕಬಲ್ಲದು. ಹೊಸದಾಗಿ ಟೈಪಿಸಲು ವಿಂಡೋಸಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್, ಫೊನೆಟಿಕ್ ಎರಡೂ ಕೀಲಿಮಣೆ ಸಿಗುತ್ತವೆ. ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಅಭ್ಯಾಸವಿದ್ದರೆ ನುಡಿಯನ್ನೇ ಹಾಕಿಕೊಳ್ಳಿ, ಯೂನಿಕೋಡ್ ಆಯ್ಕೆ ಮಾಡಿ.

ಇನ್ನೊಂದು, ರಿಪೇರಿಗೆ ಕೊಡುವ ಮೊದಲು. ಹೊಸ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಡಿಸ್ಕ್ ತಾನಾಗಿ ಬೀಗ ಹಾಕಿಕೊಂಡಿರಬಹುದು. ಬೋರ್ಡು ಬದಲಿಸಿದ ದಿನ ಅದು 48 ಅಂಕಿಯ ಕೀ ಕೇಳುತ್ತದೆ. ಆ ಕೀ ನಿಮ್ಮ ಖಾತೆಯಲ್ಲಿರುತ್ತದೆ, ಆದರೆ ಅಂಗಡಿಯವರು ಮಗಳ ಹೆಸರಿಗೆ ಅವರೇ ಒಂದು ಖಾತೆ ತೆರೆದುಬಿಟ್ಟಿದ್ದರೆ ಫೈಲುಗಳೆಲ್ಲ ಹೋದಂತೆಯೇ. ಖಾತೆಯನ್ನು ಮನೆಯಲ್ಲಿ ನೀವೇ ತೆರೆಯಿರಿ, ಕೀಯನ್ನು ಕಾಗದದಲ್ಲಿ ಬರೆದು ತೋಟದ ಪತ್ರಗಳ ಜೊತೆ ಇಡಿ. ಟ್ಯಾಲಿಯ ಬ್ಯಾಕಪ್ ವಾರಕ್ಕೊಮ್ಮೆ ಹೊರ ಡಿಸ್ಕಿಗೆ, ಇನ್ನೊಂದು ಪ್ರತಿ ಗೂಗಲ್ ಡ್ರೈವಿಗೆ.

---

ಗೋಣಿಕೊಪ್ಪ_ಹಾರ್ಡ್‌ವೇರ್:

ಅಂಗಡಿಯವರು ಮಾತಿಗೆ ತಪ್ಪಿದರೆ ಏನು ಎಂದು ಕೆಲವರು ಖಾಸಗಿಯಾಗಿ ಕೇಳಿದರು. ಮೊದಲು ಲಿಖಿತವಾಗಿ ದೂರು ಕೊಡಿ, ವಾಟ್ಸಾಪ್ ಸಂದೇಶವೂ ಆದೀತು, ಬಿಲ್ಲಿನ ಫೋಟೊ ಸಹಿತ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗ. ವಸ್ತುವಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ತೊಂದರೆ ಆದ 2 ವರ್ಷದೊಳಗೆ ಹಾಕಬೇಕು. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಮೈಸೂರಿನಲ್ಲಿ ಕೊಂಡದ್ದಕ್ಕೂ ಆನ್‌ಲೈನಿನಲ್ಲಿ ತರಿಸಿದ್ದಕ್ಕೂ ಮಡಿಕೇರಿಯೇ ಸಾಕು. ಸೀರಿಯಲ್ ನಂಬರ್ ಇಲ್ಲದ ಬಿಲ್ ಅಲ್ಲಿ ಸೋಲುತ್ತದೆ, "ಇದು ನಾವು ಕೊಟ್ಟ ಬೋರ್ಡೇ ಅಲ್ಲ" ಎಂಬ ಒಂದು ಮಾತಿಗೆ.

---

ನಾಪೋಕ್ಲು_ಹೊಸಬ:

ಎಲ್ಲರಿಗೂ ವಂದನೆಗಳು. ಅರ್ಥ್ ಗುಂಡಿಯಲ್ಲಿ ಬೋಲ್ಟ್ ಪೂರ್ತಿ ತುಕ್ಕು ತಿಂದಿತ್ತು, ಬದಲಿಸಿ ತಂತಿಯನ್ನೂ ಹೊಸದು ಎಳೆದರು. ಈಗ 226, 225, 1.4. ಐ3ರ ಅಂಗಡಿಯವರು ಕೇಳಿದ ಹಾಗೆ ಸಾಲು ಸಾಲಾಗಿ ಕೊಟೇಷನ್ ಬರೆದುಕೊಟ್ಟರು: ಐ3-12100 ಸೀಲ್ ಪೆಟ್ಟಿಗೆ, ಎಚ್610 ಬೋರ್ಡಿನ ಮಾದರಿ ಸಂಖ್ಯೆ, 8 ಜಿಬಿ ಒಂದು ರ್ಯಾಮ್, 500 ಜಿಬಿ ಎನ್‌ವಿಎಂಇ 5 ವರ್ಷ, "ಎಸ್‌ಎಂಪಿಎಸ್ 450 ವ್ಯಾಟ್ ಬ್ರಾಂಡೆಡ್". ವಾರಂಟಿಗೆ ಮೂರು ವಾರ, ಅಲ್ಲಿಯವರೆಗೆ ಬದಲಿ ಎಸ್‌ಎಂಪಿಎಸ್ ಮತ್ತು ರ್ಯಾಮ್ ಕೊಡುತ್ತೇವೆ, ಬದಲಿ ಬೋರ್ಡು ಇಲ್ಲ ಎಂದರು. ಮುಂಗಡ ಕೊಡಬಹುದೇ?

---

ಗೋಣಿಕೊಪ್ಪ_ಹಾರ್ಡ್‌ವೇರ್:

ಬದಲಿ ಬೋರ್ಡು ಇಲ್ಲ ಎಂದು ನೇರವಾಗಿ ಹೇಳಿದ್ದು ಒಳ್ಳೆಯ ಗುಣ. ಎಸ್‌ಎಂಪಿಎಸ್ ಸಾಲು ಒಂದು ಬಿಟ್ಟು ಎಲ್ಲ ಸರಿ ಇದೆ. ಅಲ್ಲಿ ಕಂಪನಿ, ಮಾದರಿ, ಇನ್‌ಪುಟ್ 100–240 ಎಂದು ಬರೆಸಿ, ಚೀಟಿಯ ಫೋಟೊ ತರಿಸಿಕೊಳ್ಳಿ. 12 ವೋಲ್ಟಿನಲ್ಲಿ 30 ಆಂಪಿಯರ್ ಆಸುಪಾಸು ಇದ್ದರೆ ಮುಂಗಡ ಕೊಡಿ.